ಬದುಕಿದ್ದವಳ ಬಿಲ್ಲೆ

ಅಥವಾ ಆ ಮಾತನ್ನು ಅಕ್ಕ ಹೇಳಿರಲೇ ಇಲ್ಲವೇನೋ. ಫೋನಿನಲ್ಲಿ ಕೇಳಿಸಿಕೊಂಡವಳು ನಾನು, ಅವ್ವನಿಗೆ ದಾಟಿಸಿದವಳೂ ನಾನೇ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಆದರೆ ಆ ಸಂಜೆಯನ್ನು ತಿರುಗಿಸಿ ನೋಡಿದಾಗೆಲ್ಲ ರಿಸೀವರ್ ಒಮ್ಮೆ ನನ್ನ ಕಿವಿಯ ಹತ್ತಿರ ಇರುತ್ತದೆ, ಒಮ್ಮೆ ಅವ್ವನ ಕಿವಿಯ ಹತ್ತಿರ. ಮೊದಲನೆಯವಳು ತೀರಿಕೊಂಡಿದ್ದಾಳೆ ಎಂಬ ಮಾತು ಮಾತ್ರ ಎರಡೂ ಸಲ ಕೇಳಿಸುತ್ತದೆ. ದನಿ ಯಾರದೆಂದು ತಿಳಿಯುವುದಿಲ್ಲ. ಕೆಲವು ಸಲ ಅದು ಅವ್ವನದೇ ದನಿ, ಪ್ರಶ್ನೆಯಾಗಿ ಹೊರಟು ನಡುದಾರಿಯಲ್ಲಿ ಉತ್ತರವಾದ ಹಾಗೆ.

ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಕೊಟ್ಟೂರಿನಲ್ಲಿ ನಮ್ಮದು ಮಂಡಕ್ಕಿ ಭಟ್ಟಿಯ ಮನೆ. ಅಪ್ಪ ಹೋದ ಮೇಲೆ ಭಟ್ಟಿಯನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಆದರೂ ಕಾದ ಮರಳಿನ ವಾಸನೆ ಹಿತ್ತಲಿನಿಂದ ಒಳಗೆ ಬರುತ್ತಲೇ ಇತ್ತು. ಮನೆಯಲ್ಲಿ ಅವ್ವ ಮತ್ತು ನಾನು. ನಾನು ಹಗರಿಬೊಮ್ಮನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಕ್ಕ ದಾವಣಗೆರೆಯಲ್ಲಿ ಫಿಸಿಯೋಥೆರಪಿ ಓದಿ ಹರಪನಹಳ್ಳಿಯ ಒಂದು ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಬಿದ್ದು ಸೊಂಟ ಮುರಿದುಕೊಂಡವರನ್ನು, ಲಕ್ವಾ ಹೊಡೆದವರನ್ನು ಎಬ್ಬಿಸಿ ನಡೆಸುವ ಕೆಲಸ. ಊರವರ ಬಾಯಲ್ಲಿ ಅವಳು 'ಕೈಕಾಲು ತಿಕ್ಕೋ ಡಾಕ್ಟರು' ಆದಳು. ಹಡಗಲಿಯಿಂದ ಬಂದಿದ್ದ ಒಂದು ಸಂಬಂಧ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಹುಡುಗನ ತಾಯಿ ಯಾರಿಂದಲೋ ಕೇಳಿಕೊಂಡು ಬಂದು ನಮ್ಮ ಪಡಸಾಲೆಯಲ್ಲೇ ಕೂತು ಹೇಳಿದಳು:

"ಗಂಡಸರ ತೊಡಿ ಹಿಡದು ಎತ್ತಿ ಇಳಸ್ತಾಳಂತಲ್ಲಬೇ. ನಾಳೆ ನನ ಮಗನ ತೊಡಿ ಆಕಿಗೆ ಏನು ಹೊಸಾದು?"

ಅಕ್ಕ ಒಳಗಿದ್ದಳು. ಚಹಾ ತಂದು ಕೊಟ್ಟಳು. "ನಿಮ್ಮ ಮೊಣಕಾಲು ಬಾತೈತ್ರಿ, ಪಾವಟಿಗಿ ಜ್ವಾಕಿಲೆ ಇಳೀರಿ," ಎಂದಳು. ಆ ಮಾತು ನಿಜವಾಗಿ ಅಂದಿದ್ದಳೋ, ಅಂದಿದ್ದರೆ ಚೆನ್ನಾಗಿತ್ತು ಎಂದು ನಾವೇ ಆಮೇಲೆ ಸೇರಿಸಿಕೊಂಡೆವೋ. ಸಂಬಂಧ ಮುರಿದದ್ದಂತೂ ನಿಜ. ಅದಾದ ಮೇಲೆ ಇನ್ನೊಂದು ಮುರಿಯಿತು. ತೊಂಬತ್ತರ ದಶಕದ ಕೊನೆಗೆ ಅಮೆರಿಕದಲ್ಲಿ ವಯಸ್ಸಾದವರನ್ನು ಇರಿಸಿಕೊಳ್ಳುವ ಒಂದು ಆಸ್ಪತ್ರೆ ಅಕ್ಕನನ್ನು ಕೆಲಸಕ್ಕೆ ಕರೆಯಿತು. ಹೋದಳು.

ಅವಳಿಗೆ ಸಿಕ್ಕಿದ್ದು ತಾತ್ಕಾಲಿಕ ಕೆಲಸದ ವೀಸಾ. ಕರೆದವರು ಇಟ್ಟುಕೊಂಡಿರುವ ತನಕ ಇರಬಹುದು. ಅದಕ್ಕೂ ಒಂದು ಗಡುವು. ಗಡುವು ತೀರಿದರೆ ರೋಗಿಗಳು ಕೈ ಹಿಡಿದುಕೊಂಡಿದ್ದರೂ ಬಿಡಿಸಿಕೊಂಡು ಹೊರಡಬೇಕು. ಅವಳ ಗಡುವು ತೀರಲು ಬಂದಿತ್ತು, ಮುಂದಕ್ಕೆ ಹಾಕಿಸಿಕೊಡಲು ಆಸ್ಪತ್ರೆಯವರು ತಯಾರಿರಲಿಲ್ಲ. "ಹೊಳ್ಳಿ ಬಂದ್ರ ಮತ್ತ ಹರಪನಹಳ್ಳಿನs," ಎನ್ನುತ್ತಿದ್ದಳು ಫೋನಿನಲ್ಲಿ. ಊರಿನ ಹೆಸರನ್ನು ಅಷ್ಟು ಹೆದರಿಕೆಯಿಂದ ಹೇಳುವುದನ್ನು ನಾನು ಬೇರೆ ಯಾರಿಂದಲೂ ಕೇಳಿಲ್ಲ.

ಆಗಲೇ ಒಂದು ಸಂಜೆ, ತಾನು ಅಲ್ಲಿಯವರೊಬ್ಬರನ್ನು ಮದುವೆಯಾಗುತ್ತಿದ್ದೇನೆ ಎಂದಳು. ಅವರ ತಾಯಿಯ ಮುರಿದ ಕಾಲನ್ನು ನಡೆಸಿದವಳು ಅಕ್ಕ. ತಾಯಿಯನ್ನು ನೋಡಲು ಬರುತ್ತಿದ್ದ ಮಗ ಅಕ್ಕನನ್ನು ನೋಡಲು ಬರತೊಡಗಿದ್ದರು. ಮನೆಗಳ ನಲ್ಲಿ, ಪೈಪು ರಿಪೇರಿ ಅವರ ಕೆಲಸ.

"ನಳ ರಿಪೇರಿ ಮಾಡಾವಗ ಅಮೆರಿಕಾತನಕ ಹೋಗಬೇಕಿತ್ತನಬೇ? ನಮ್ಮ ಪಂಚಾಯ್ತಿಯಾಗ ಇಬ್ರು ಅದಾರ," ಎಂದಳು ಅವ್ವ.

ಆ ದೇಶದವರನ್ನು ಮದುವೆಯಾದರೆ ವೀಸಾದವಳು ಅಲ್ಲಿಂದ ಹೊರಡದೆಯೇ ಅಲ್ಲೇ ಖಾಯಂ ಇರುವ ಹಕ್ಕಿಗೆ ಅರ್ಜಿ ಹಾಕಬಹುದು. ಮದುವೆ ಕಾಗದಕ್ಕಾಗಿ ಆದದ್ದಲ್ಲ, ಸಂಸಾರಕ್ಕಾಗಿ ಆದದ್ದು ಎಂದು ಅಲ್ಲಿಯ ಅಧಿಕಾರಿಯನ್ನು ಒಪ್ಪಿಸಬೇಕು. ಒಪ್ಪಿದರೆ ಇರಬಹುದು, ಒಪ್ಪದಿದ್ದರೆ ಹರಪನಹಳ್ಳಿ. ಅಕ್ಕನಿಗೆ ಇದ್ದ ಪ್ರಶ್ನೆ ಅಷ್ಟೇ. ಅವ್ವನಿಗೆ ಇದ್ದದ್ದು ಬೇರೆ. ಆ ಮನುಷ್ಯನಿಗೆ ಮೊದಲೇ ಒಂದು ಮದುವೆಯಾಗಿತ್ತು.

ಅಲ್ಲಿಯೇ ಆ ಮಾತು ಬರುವುದು, ಯಾರದೆಂದು ತಿಳಿಯದ್ದು. ಮೊದಲನೆಯವಳು ತೀರಿಕೊಂಡಿದ್ದಾಳೆ.

ಅವ್ವನ ಕೊರಳಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಅವ್ವ ಅಪ್ಪನ ಎರಡನೆಯ ಹೆಂಡತಿ. ಮೊದಲನೆಯಾಕೆ ಮದುವೆಯಾದ ಸ್ವಲ್ಪ ಕಾಲಕ್ಕೆ ಜ್ವರ ಬಂದು ಹೋಗಿದ್ದಳಂತೆ. ನಮ್ಮ ಮನೆಗಳಲ್ಲಿ ಹೆಂಡತಿ ಸತ್ತವನನ್ನು ಮದುವೆಯಾದವಳು ಸತ್ತವಳ ರೂಪವಿರುವ ಒಂದು ಸಣ್ಣ ಬೆಳ್ಳಿ ಬಿಲ್ಲೆಯನ್ನು ತಾಳಿಯ ಪಕ್ಕದಲ್ಲೇ ಕಟ್ಟಿಕೊಳ್ಳುತ್ತಿದ್ದಳು. ಹೊಸ ಸೀರೆ ಬಂದರೆ ಮೊದಲು ಬಿಲ್ಲೆಗೆ ಮುಟ್ಟಿಸಿ ಆಮೇಲೆ ಉಡಬೇಕು. ಹಿರಿಯರ ಹಬ್ಬದಲ್ಲಿ ಅವಳ ಹೆಸರಿನಲ್ಲೂ ಎಡೆ. ಅವ್ವನನ್ನು ಬಿಲ್ಲೆಯಿಲ್ಲದೆ ಮದುವೆ ಮಾಡಿ ತಂದಿದ್ದರು, ಅಪ್ಪನಿಗೆ ಅಂಥದರಲ್ಲಿ ನಂಬಿಕೆಯಿರಲಿಲ್ಲ. ಅವ್ವನ ಮೊದಲ ಕೂಸು ಉಳಿಯಲಿಲ್ಲ. ಆಮೇಲೆ ಬಿಲ್ಲೆ ಮಾಡಿಸಿದರು. ಆಮೇಲೆ ನಾವಿಬ್ಬರೂ ಉಳಿದೆವು. ಅವ್ವನಿಗೆ ಇದರಲ್ಲಿ ವಾದ ಮಾಡುವಂಥದ್ದೇನೂ ಇರಲಿಲ್ಲ. ಅಪ್ಪ ಹೋದಾಗ ತಾಳಿ ತೆಗೆದಳು, ಬಿಲ್ಲೆಯನ್ನು ಮಾತ್ರ ದಾರದಲ್ಲಿ ಕೊರಳಿಗೇ ಉಳಿಸಿಕೊಂಡಳು.

ಹೀಗಾಗಿ ನಾವು ಮೂರು ಜನ ಹೆಂಗಸರಿದ್ದ ಮನೆಯಲ್ಲಿ ಬೆಳೆಯಲಿಲ್ಲ, ನಾಲ್ಕು ಜನರಿದ್ದ ಮನೆಯಲ್ಲಿ ಬೆಳೆದೆವು. ಅವ್ವನ ಎದೆಗೆ ಮುಖ ಇಟ್ಟರೆ ಮೊದಲು ಹಣೆಗೆ ತಾಗುತ್ತಿದ್ದದ್ದು ಆ ಬಿಲ್ಲೆ. ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಇದು ಸಾಧ್ಯವಿಲ್ಲ, ಮೈಗೆ ಹತ್ತಿದ ಬೆಳ್ಳಿ ಮೈಯಷ್ಟೇ ಬೆಚ್ಚಗಿರಬೇಕು. ಆದರೂ ನನ್ನ ಹಣೆಗೆ ನೆನಪಿರುವುದು ತಂಪೇ. ಅರಿಸಿನ ಹಚ್ಚಿ ತಿಕ್ಕಿ ತಿಕ್ಕಿ ಅವಳ ಮೂಗು ಸವೆದುಹೋಗಿತ್ತು. ಅವ್ವ ಎತ್ತಿನ ಬಂಡಿಯ ಮಾತು ಆಡುವಾಗ, ಸಂತೆಯ ಮಾತು ಆಡುವಾಗ ಆ ಮೂಗಿಲ್ಲದ ಹೆಂಗಸು ಸೆರಗಿನಾಚೆಯಿಂದ ಅರ್ಧ ಮುಖ ಹಾಕಿ ನಮ್ಮನ್ನು ನೋಡುತ್ತಿದ್ದಳು.

ಅಕ್ಕನ ಫೋನು ಬಂದ ವಾರದಲ್ಲೇ ಅವ್ವ ನನ್ನನ್ನು ಕರೆದುಕೊಂಡು ಪತ್ತಾರನ ಅಂಗಡಿಗೆ ಹೋದಳು. ಅವನು ಕಟ್ಟೆಯ ಮೇಲೆ ಕೂತು ಯಾರದೋ ಕಾಲುಂಗುರ ಬಡಿಯುತ್ತಿದ್ದ.

"ಯಾಕಬೇ ಯವ್ವಾ, ನಿನ್ನ ಬಿಲ್ಲಿ ಸವದು ಹೋತನು?"

"ನಂದಲ್ಲೋ ಪತ್ತಾರಪ್ಪಾ. ಹಿರಿ ಮಗಳಿಗೆ ಬೇಕು."

"ಅಮೆರಿಕದಾಗ ಇರಾಕಿಗೆ? ಅಲ್ಲ್ಯಾಕಬೇ ಬಿಲ್ಲಿ?"

"ಯಾಕಂದ್ರ? ಅಲ್ಲಿ ಸತ್ತೋರು ಸುಮ್ನಿರ್ತಾರನು?"

ಪತ್ತಾರ ಸುತ್ತಿಗೆ ಕೆಳಗಿಟ್ಟ. ಮುಖ ಬಹಳ ಗಂಭೀರ ಮಾಡಿಕೊಂಡು, "ಹಂಗಾರ ಹೇಳು. ಸೀರಿ ಉಟ್ಟಾಕಿನ್ನ ಮಾಡ್ಲೋ, ಗೌನು ಹಾಕ್ಯಾಕಿನ್ನ ಮಾಡ್ಲೋ?" ಎಂದ.

"ಸೀರಿ ಉಡಸು."

"ಮೂಗುತಿ?"

"ಇಡು. ಹಾಕ್ಕಂತಾಳ."

"ದೊರಿಸಾನಿ ಬೈದ್ರ ನನ್ನ ಕೇಳಬ್ಯಾಡ ಮತ್ತ." ಅವನು ಡಬ್ಬಿಯಿಂದ ಒಂದು ಕಬ್ಬಿಣದ ಅಚ್ಚು ತೆಗೆದು ತೋರಿಸಿದ. "ನನ್ನ ಹತ್ರ ಇರೋದು ಇದೊಂದs ನೋಡು. ನಮ್ಮಪ್ಪ ಮಾಡಿದ್ದು. ಕೂಡ್ಲಿಗಿ ಕಡೆಯಾಕಿ ಸತ್ರೂ ಇದs, ಉಚ್ಚಂಗಿದುರ್ಗದಾಕಿ ಸತ್ರೂ ಇದs."

ಅವ್ವ ನಗಲಿಲ್ಲ. ನಾನು ಅಚ್ಚಿನೊಳಗೆ ಇಣುಕಿದೆ. ಕೈ ಮುಗಿದು ನಿಂತ ಹೆಂಗಸು, ಒಳಮುಖವಾಗಿ, ತಗ್ಗಿನಲ್ಲಿ. ಅಪ್ಪನ ಮೊದಲ ಹೆಂಡತಿ ಹುಟ್ಟಿದ್ದು ಇಲ್ಲೇ. ಅವಳಿಗೆ ಇನ್ನೂ ಮೂಗಿತ್ತು.

ಹೊಸಪೇಟೆಯಿಂದ ಅಮೆರಿಕಕ್ಕೆ ಮಗಳ ಬಾಣಂತನಕ್ಕೆ ಹೊರಟಿದ್ದ ಒಬ್ಬರ ಕೈಯಲ್ಲಿ ತಾಳಿ, ಬಿಲ್ಲೆ, ಅರಿಸಿನ ಕುಂಕುಮ, ಒಂದು ಸೀರೆ ಕಳಿಸಿದೆವು. ಅಕ್ಕನ ಮದುವೆ ಅಲ್ಲಿಯ ಕೋರ್ಟಿನಲ್ಲಿ ಆಯಿತು. ಆ ದಿನ ಅವರು ಮನೆಗೆ ಬಂದ ಮೇಲೆ ಫೋನು ಮಾಡಿ, ನಾವು ಈ ಕಡೆ ಕೇಳುತ್ತಿರುವಾಗಲೇ ತಾಳಿ ಕಟ್ಟಿಸಿಕೊಂಡಳು. ಅವ್ವ ಓಣಿಯ ನಾಲ್ಕು ಜನ ಮುತ್ತೈದೆಯರನ್ನು ಕರೆದಿದ್ದಳು. "ಕಟ್ಟಿದ್ನಾ? ಕಟ್ಟಿದ್ನಾ?" ಎಂದು ಕೇಳುತ್ತ ಎಲ್ಲರೂ ಫೋನಿನ ಮೇಲೆ ಅಕ್ಷತೆ ಹಾಕಿದರು. ಒಂದು ಅಕ್ಕಿಕಾಳು ರಿಸೀವರ್‌ನ ತೂತಿನಲ್ಲಿ ಒಳಗೆ ಹೋಗಿ ಸಿಕ್ಕಿಕೊಂಡಿತು. ಮುಂದೆ ಆ ಫೋನು ಇದ್ದಷ್ಟು ದಿನ ಅದನ್ನು ಎತ್ತಿದಾಗಲೆಲ್ಲ ಒಳಗೆ ಕಾಳು ಅಲುಗುತ್ತಿತ್ತು. ಇದೊಂದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ಆ ಸದ್ದು ನನಗೆ ನೆನಪಿರುವುದಲ್ಲ, ಇನ್ನೂ ಕೇಳುವುದು.

ಒಂದು ಫೋಟೊ ಬಂತು. ಅಕ್ಕ ಹಿಮ ಬಿದ್ದ ಅಂಗಳದ ಮುಂದೆ ನಮ್ಮ ಸೀರೆ ಉಟ್ಟು ನಿಂತಿದ್ದಾಳೆ. ಪಕ್ಕದಲ್ಲಿ ಕೆಂಪು ಮುಖದ ಎತ್ತರದ ಮನುಷ್ಯ. ಅವರನ್ನು ಭಾವ ಎಂದು ಕರೆಯಲು ನನಗೆ ನಾಲಿಗೆ ಹೊರಳಿರಲಿಲ್ಲ, ಬರೆಯುವಾಗ ಹೊರಳುತ್ತಿದೆ. ಅಕ್ಕ ಸೆರಗನ್ನು ಬೇಕೆಂದೇ ಸ್ವಲ್ಪ ಸರಿಸಿದ್ದಳು, ಬಿಲ್ಲೆ ಕಾಣಲಿ ಎಂದು. ಅವ್ವ ಫೋಟೊ ಹಿಡಿದುಕೊಂಡು ಕಿಟಕಿಯ ಬೆಳಕಿಗೆ ಹೋಗಿ ಮೊದಲು ನೋಡಿದ್ದು ಅದನ್ನೇ. ಅದೇ ಫೋಟೊ ಅಕ್ಕನ ಅರ್ಜಿಯ ಜೊತೆಗೂ ಹೋಗಿತ್ತು, ಎರಡೂ ಮನೆಯವರು ಒಪ್ಪಿದ ಮದುವೆ ಇದು ಎಂದು ತೋರಿಸಲು. ಅಲ್ಲಿಯ ಅಧಿಕಾರಿಗೆ ಬೇಕಾದ ಸಾಕ್ಷಿ, ಇಲ್ಲಿ ಅವ್ವನಿಗೆ ಬೇಕಾದ ಸಾಕ್ಷಿ, ಎರಡಕ್ಕೂ ಒಂದೇ ಫೋಟೊ. ಅಕ್ಕ ಅದರಲ್ಲಿ ಯಾರ ಕಡೆ ನೋಡಿ ನಗುತ್ತಿದ್ದಾಳೆ ಎಂದು ನಾನು ಆಗ ಯೋಚಿಸಿರಲಿಲ್ಲ.

ಸಂದರ್ಶನವಾದ ದಿನ ಅಕ್ಕ ಫೋನು ಮಾಡಿದಳು. ಗಂಡಹೆಂಡತಿಯನ್ನು ಒಟ್ಟಿಗೆ ಕೂಡಿಸಿ ಕೇಳಿದರಂತೆ. ಯಾವ ಮಗ್ಗುಲಿಗೆ ಮಲಗುತ್ತೀರಿ, ಮನೆಯ ಕಸ ಯಾರು ಹೊರಗಿಡುತ್ತಾರೆ, ಕೊನೆಯ ಸಲ ಜಗಳವಾಡಿದ್ದು ಯಾತಕ್ಕೆ. ಆಮೇಲೆ ಅಧಿಕಾರಿ ಹೆಂಗಸು ಫೋಟೊದ ಮೇಲೆ ಬೆರಳಿಟ್ಟು, ಕೊರಳಿನಲ್ಲಿರುವ ಈ ಹೆಂಗಸು ಯಾರು ಎಂದು ಕೇಳಿದಳಂತೆ.

"ನೀ ಏನಂದಿ?" ಎಂದೆ.

"ಅಕ್ಕ ಅಂದೆ."

ಎರಡನೆಯ ಹೆಂಡತಿ ಮೊದಲನೆಯವಳನ್ನು ಅಕ್ಕ ಎಂದೇ ಕರೆಯುವುದು. ಅವ್ವನೂ ಬಿಲ್ಲೆಯ ಜೊತೆ ಹಾಗೇ ಮಾತಾಡುತ್ತಿದ್ದಳು. ಅಧಿಕಾರಿ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದಳಂತೆ. ಬಹಳ ವರ್ಷಗಳ ಮೇಲೆ ಇದನ್ನು ನೆನಪಿಸಿದಾಗ ಅಕ್ಕ, ಅಧಿಕಾರಿ ಗಂಡಸಾಗಿದ್ದ, ಫೋಟೊವನ್ನು ತಿರುಗಿಸಿಯೂ ನೋಡಲಿಲ್ಲ ಎಂದಳು. ನಾನು ಎಲ್ಲಿಂದ ಆ ಹೆಂಗಸನ್ನು, ಆ ಬೆರಳನ್ನು ತಂದೆ?

ಅರ್ಜಿ ಒಪ್ಪಿತವಾಯಿತು, ಒಂದು ಷರತ್ತಿನ ಮೇಲೆ. ಮದುವೆ ಹೊಸದಾದ್ದರಿಂದ ಇರುವ ಹಕ್ಕು ಎರಡು ವರ್ಷದ ಮಟ್ಟಿಗೆ. ಅದು ಮುಗಿಯುವಾಗ ಗಂಡಹೆಂಡತಿ ಇಬ್ಬರೂ ಸೇರಿ ಮತ್ತೆ ಬರೆದುಕೊಡಬೇಕು, ಸಂಸಾರ ಇನ್ನೂ ನಡೆದಿದೆ ಎಂದು.

ಆ ನಡುವೆ ಅವರಿಬ್ಬರೂ ಕೊಟ್ಟೂರಿಗೆ ಬಂದರು. ಮಹಾನವಮಿಗೆ ಮೊದಲಿನ ಅಮಾವಾಸ್ಯೆ, ಹಿರಿಯರ ಹಬ್ಬ. ಹರಿಹರದಿಂದ ಬಾಡಿಗೆ ಕಾರಿನಲ್ಲಿ ಬಂದರು. ಭಾವನ ತಲೆ ನಮ್ಮ ಬಾಗಿಲಿಗೆ ಬಡಿಯಿತು, ಓಣಿಯ ಹುಡುಗಿಯರು ಕಿಸಕ್ಕನೆ ನಕ್ಕರು. ಅವರು ಬಂದ ದಿನವೇ ಹಿತ್ತಲಿನ ನಲ್ಲಿಯನ್ನು ಬಿಚ್ಚಿ, ಏನೋ ಬದಲಿಸಿ, ಸೋರುವುದನ್ನು ನಿಲ್ಲಿಸಿಬಿಟ್ಟರು. ಅವ್ವನಿಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆಗ. "ಮಾತು ಬರದಿದ್ರೇನಾತು, ಕೈ ಮಾತಾಡ್ತಾವ," ಎಂದಳು.

ಹಬ್ಬದ ದಿನ ಅವ್ವ ಪಡಸಾಲೆಯ ಗೋಡೆಗೆ ಸಾಲಾಗಿ ಎಡೆ ಇಟ್ಟಳು. ಅಪ್ಪನಿಗೆ, ಅಪ್ಪನ ಮೊದಲ ಹೆಂಡತಿಗೆ, ಉಳಿಯದೆ ಹೋದ ಕೂಸಿಗೆ ಸಣ್ಣ ಬಟ್ಟಲಲ್ಲಿ ಹಾಲು. ಕೊನೆಗೆ ಇನ್ನೊಂದು ಎಲೆ. ಅದರ ಮುಂದೆ ಹಸಿರು ಇಳಕಲ್ ಸೀರೆ, ಕುಪ್ಪಸದ ಖಣ, ಬಳೆ. ಎಲೆಯ ಮೇಲೆ ಹೋಳಿಗೆ, ಕರಿಗಡುಬು, ಅನ್ನ. ಅಕ್ಕನ ಕೊರಳಿನ ಬಿಲ್ಲೆಗೆ ಕುಂಕುಮ ಹಚ್ಚಿಸಿ ಎಲೆಯ ಮುಂದೆ ಕೂಡಿಸಿದಳು.

ಭಾವ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು, ಈ ಎಲೆಗಳೆಲ್ಲ ಯಾರವು. ನಾನು ಒಂದೊಂದಾಗಿ ಹೇಳುತ್ತಾ ಬಂದೆ. ಕೊನೆಯದಕ್ಕೆ ಬಂದಾಗ, "ಇದು ನಿಮ್ಮ ಮೊದಲ ಹೆಂಡತಿಯದು, ಅವರ ಆತ್ಮಕ್ಕೆ," ಎಂದೆ. ಅಕ್ಕ ತಲೆ ಎತ್ತಲಿಲ್ಲ.

ಅವರು ಸ್ವಲ್ಪ ಹೊತ್ತು ಎಲೆಯನ್ನೇ ನೋಡಿದರು. ಆಮೇಲೆ, "ಆಕೆ ಬದುಕಿದ್ದಾಳೆ. ನಮ್ಮ ಊರಿನಲ್ಲೇ ಇದ್ದಾಳೆ. ನನ್ನ ನಾಯಿ ಆಕೆಯ ಹತ್ತಿರವೇ ಇದೆ," ಎಂದರು.

"ಏನಂತಾನ?" ಎಂದಳು ಅವ್ವ.

ನಾನು ಬಾಯಿ ತೆರೆಯುವ ಮೊದಲು ಅಕ್ಕ, "ಆಕಿ ನೆನಪಾತಂತ," ಎಂದಳು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಅಕ್ಕ ಮಾತ್ರ ತಾನು ಆ ಹೊತ್ತಿಗೆ ಅಡುಗೆಮನೆಯಲ್ಲಿದ್ದೆ, ಹಾಗೆಂದವಳು ನಾನೇ ಎನ್ನುತ್ತಾಳೆ.

ಅವ್ವ ಇಬ್ಬರನ್ನೂ ನಂಬಲಿಲ್ಲ. ಎದ್ದು ಭಾವನ ಎದುರು ಹೋಗಿ ನಿಂತಳು. ಎಲೆಯನ್ನು ತೋರಿಸಿದಳು. ಬೆರಳನ್ನು ಒಮ್ಮೆ ನೆಲಕ್ಕೆ ಮಾಡಿದಳು, ಒಮ್ಮೆ ತನ್ನ ಮೂಗಿನ ಕೆಳಗಿಟ್ಟು ಉಸಿರು ಬಿಟ್ಟು ತೋರಿಸಿದಳು. "ಅದಾಳನಪ್ಪಾ?" ಎಂದಳು. ಅದನ್ನು ಯಾರೂ ಅನುವಾದ ಮಾಡಬೇಕಿರಲಿಲ್ಲ. ಭಾವ ತಮ್ಮ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ಬಿಟ್ಟರು.

ಅವ್ವ ಅಲ್ಲೇ ಕೂತಳು. ಎಲೆಯ ಮೇಲಿನ ಅನ್ನದಿಂದ ಹಬೆ ಏಳುತ್ತಿತ್ತು. "ಅಯ್ಯೋ ನನ ಶಿವನs," ಎಂದಳು. "ಅನ್ನ ಉಣ್ಣೋ ಹೆಣ್ಣುಮಗಳನ್ನ ಗ್ವಾಡಿಗೆ ಕುಂದ್ರಿಸಿ ಕರದ್ನಲ್ಲ. ಹೋದ ವರ್ಷನೂ ಕರದೀನಿ. ಬಾ ತಾಯಿ, ಉಂಡು ಹೋಗು ಅಂತ ಕರದೀನಿ. ಆಕಿ ಅಲ್ಲಿ ಮೈಯಾಗ ಹೆಂಗಿದ್ದಾಳೋ."

"ಏನೂ ಆಗಿಲ್ಲಬೇ, ಚೊಲೋ ಅದಾಳ," ಎಂದಳು ಅಕ್ಕ.

"ನಿನಗ ಗೊತ್ತಿತ್ತನು?"

ಅಕ್ಕ ಬಿಲ್ಲೆಯನ್ನು ಸೆರಗಿನೊಳಗೆ ಹಾಕಿಕೊಂಡಳು. ಗೊತ್ತಿಲ್ಲದಿರಲು ಸಾಧ್ಯವಿರಲಿಲ್ಲ. ಗಂಡನ ಹಳೆಯ ಮದುವೆ ವಿಚ್ಛೇದನವಾದ ಕಾಗದವನ್ನು ಅಲ್ಲಿಯ ಸರ್ಕಾರಕ್ಕೆ ಅರ್ಜಿಯ ಜೊತೆಗೇ ತೋರಿಸಬೇಕಾಗಿತ್ತಲ್ಲ. ಗೊತ್ತಿದ್ದೂ ಬಿಲ್ಲೆ ಕಟ್ಟಿಕೊಂಡಿದ್ದಳು, ಅವ್ವನ ಕಣ್ಣಿಗೆ ಕಾಣುವ ಹಾಗೆ ಸೆರಗು ಸರಿಸಿದ್ದಳು. ಅವ್ವನನ್ನು ಸಮಾಧಾನ ಮಾಡಲೋ, ಅರ್ಜಿಗೆ ಒಂದು ಒಳ್ಳೆಯ ಫೋಟೊ ಬೇಕೆಂದೋ.

ಸತ್ತವಳೆಂದು ಬದುಕಿದ್ದವಳಿಗೆ ಇಟ್ಟ ಸೀರೆಯನ್ನು ಎತ್ತಿ ಪೆಟ್ಟಿಗೆಯಲ್ಲಿ ಇಡುವ ಹಾಗಿಲ್ಲ. ಉಡುವ ಹಾಗಿಲ್ಲ, ಬೇರೆಯವರಿಗೆ ಕೊಡುವ ಹಾಗಿಲ್ಲ. ಅವ್ವ ಮಧ್ಯಾಹ್ನದವರೆಗೂ ಆ ಎಲೆಯ ಮುಂದೆ ಕೂತಿದ್ದಳು. ಆಮೇಲೆ ಸೀರೆ, ಖಣ, ಬಳೆಗಳನ್ನು ಒಂದು ಟವೆಲಿನಲ್ಲಿ ಕಟ್ಟಿ ಭಾವನ ಕೈಗೆ ಕೊಟ್ಟಳು. ನನ್ನತ್ತ ತಿರುಗಿ, "ಹೇಳು ಇವಗ. ಇದು ಆಕಿದು. ಆಕಿ ಜೀವಂತ ಉಟ್ಕಂಡ್ರ ಮಾತ್ರ ನಾ ಕರದದ್ದು ಹೊಳ್ಳಿ ಹೊಕ್ಕೈತಿ. ತಾನs ಹೋಗಿ ಕೈಯಾಗ ಕೊಡಬೇಕು. ಟಪಾಲಿನಾಗ ಹಾಕಬಾರದು," ಎಂದಳು.

"ಅವ್ವಾ ಬ್ಯಾಡ," ಎಂದಳು ಅಕ್ಕ. ಅವಳ ದನಿ ಆ ದಿನ ಏರಿದ್ದು ಅದೊಂದೇ ಸಲ. "ಅವ್ರಿಬ್ರೂ ಮಾತು ಬಿಟ್ಟಾರ. ಬಿಟ್ಟಂಗ ಇರ್ಲಿ."

"ಮಾತಾಡು ಅಂದ್ನಾ? ಸೀರಿ ಕೊಡು ಅಂದೆ."

ನಾನು ಹೇಳಿದೆ. ಒಂದೂ ಬಿಡದೆ ಹೇಳಿದೆ ಅನ್ನಿಸುತ್ತದೆ. ಭಾವ ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡರು, ಕೂಸನ್ನು ಇಸಿದುಕೊಂಡ ಹಾಗೆ. ಬಿಲ್ಲೆಯನ್ನು ಬಿಚ್ಚಿ ಕೊಟ್ಟು ಹೋಗು, ಕೆರೆಗೆ ಹಾಕುತ್ತೇನೆ ಎಂದು ಅವ್ವ ಅಕ್ಕನಿಗೆ ಹೇಳಿದಳು. ಅಲ್ಲೇ ಹೋಗಿ ತೆಗೆಯುತ್ತೇನೆ ಎಂದಳು ಅಕ್ಕ. ಕಾರು ಹರಪನಹಳ್ಳಿಯ ದಾರಿ ಹಿಡಿಯಿತು.

ಆಮೇಲಿನದು ಫೋನಿನಲ್ಲಿ ನಡೆದದ್ದು, ಅಕ್ಕಿಕಾಳಿನ ಸದ್ದಿನೊಂದಿಗೆ. ಮರುವರ್ಷದ ಬೇಸಿಗೆಗೆ ಭಾವ ಮನೆ ಬಿಟ್ಟು ಹೋಗಿದ್ದರು. ಎಲ್ಲಿಗೆ ಎಂದರೆ, ಮೊದಲಿನಾಕಿಯ ಮನೆಗೆ. ಇದರ ಬಗ್ಗೆ ಅಕ್ಕ ನನಗೆ ಎರಡು ಬೇರೆ ಬೇರೆ ಕಥೆ ಹೇಳಿದ್ದಾಳೆ. ಒಂದರಲ್ಲಿ ಅವರು ಸೀರೆ ಕೊಡಲು ಹೋದರು. ಆಕೆ ನಕ್ಕಳು, ಒಳಗೆ ಕರೆದಳು, ನಾಯಿ ಇವರನ್ನು ಗುರುತು ಹಿಡಿದು ಮೈಮೇಲೆ ಹಾರಿತು, ಊಟಕ್ಕೆ ಕೂತರು. ಆ ಊಟ ಮುಗಿಯಲೇ ಇಲ್ಲ. ಇನ್ನೊಂದರಲ್ಲಿ ಆ ಗಂಟು ಚಳಿಗಾಲವೆಲ್ಲ ಅವರ ಗಾಡಿಯ ಹಿಂಭಾಗದಲ್ಲಿ ಪೈಪುಗಳ ಜೊತೆ ಬಿದ್ದಿತ್ತು, ಅವರು ಹೋದದ್ದಕ್ಕೂ ಸೀರೆಗೂ ಸಂಬಂಧವೇ ಇರಲಿಲ್ಲ. ಎರಡನೆಯದನ್ನು ಹೇಳುವಾಗ ಅವ್ವ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು, ಅದು ಅಕ್ಕನಿಗೆ ಗೊತ್ತಿತ್ತು.

ಅಕ್ಕನ ಷರತ್ತಿನ ಗಡುವು ಹತ್ತಿರ ಬಂದಿತ್ತು. ಈಗ ಇಬ್ಬರೂ ಸೇರಿ ಬರೆದುಕೊಡುವ ಹಾಗಿರಲಿಲ್ಲ. ಮದುವೆ ಮುರಿದಿದ್ದರೂ ಆದಾಗ ನಿಜವಾಗಿಯೇ ಆಗಿತ್ತು ಎಂದು ಅವಳೊಬ್ಬಳೇ ತೋರಿಸಿಕೊಡಬೇಕು. ತೋರಿಸಲಾಗದಿದ್ದರೆ ಹೊರಡಬೇಕು. ತವರಿನವರ ಹೇಳಿಕೆಯೂ ಬೇಕು ಎಂದು ಅಲ್ಲಿಯ ವಕೀಲರು ಹೇಳಿದ್ದರು.

ಅವ್ವ ಮತ್ತು ನಾನು ಬಸ್ಸಿನಲ್ಲಿ ಕೂಡ್ಲಿಗಿಗೆ ಹೋದೆವು. ಕೋರ್ಟಿನ ಹತ್ತಿರ ನೋಟರಿ ಮಾಡುವ ಒಬ್ಬ ವಕೀಲರು. ಟೈಪ್ ಮಾಡುವವನನ್ನು ಪಕ್ಕದಲ್ಲಿ ಕೂಡಿಸಿಕೊಂಡು, "ಹೇಳಮ್ಮ, ಆ ಮದುವಿ ಖರೇ ಮದುವಿ ಅಂತ ನಿಮಗ ಹೆಂಗ ಗೊತ್ತು?" ಎಂದು ಕೇಳಿದರು.

ಅವ್ವ ತನ್ನ ಕೊರಳಿನ ಬಿಲ್ಲೆಯನ್ನು ಹೊರಗೆ ತೆಗೆದು ತೋರಿಸಿದಳು.

"ಇಂಥದು ಮಾಡ್ಸಿ ಕಳಿಸೀನ್ರಿ. ಕಾಗದದ ಮದುವಿಗೆ ಯಾರಾರ ಬಿಲ್ಲಿ ಮಾಡಸ್ತಾರನ್ರಿ? ಕಾಗದಕ್ಕೇನು ಸವತಿ ಕಾಟ ಇರ್ತೈತನು?"

ವಕೀಲರು ಬಿಲ್ಲೆಯನ್ನು ಬಗ್ಗಿ ನೋಡಿದರು. ಅವರ ಅಜ್ಜಿಯ ಕೊರಳಲ್ಲೂ ಇದ್ದಿತಂತೆ. "ಬರಿಯೋ," ಎಂದರು ಟೈಪಿನವನಿಗೆ. "ಅಳಿಯನ ಮೃತ ಮೊದಲ ಪತ್ನಿಯ..."

"ಮೃತ ಅಲ್ರಿ. ಅದಾಳ," ಎಂದಳು ಅವ್ವ.

ಟೈಪಿನ ಸದ್ದು ನಿಂತಿತು. "ಅದಾಳ ಅಂದ್ರ ಬಿಲ್ಲಿ ಯಾಕ ಮಾಡ್ಸಿದ್ರಿ ಅಮ್ಮ?"

"ಇಲ್ಲ ಅಂದಿದ್ರು."

"ಯಾರಂದಿದ್ರು?"

ಅವ್ವ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಆ ನೋಟದಲ್ಲಿ ನೀನೇ ಅಂದದ್ದು ಎಂಬ ಆರೋಪವಿತ್ತೋ, ನಾನೇ ಅಂದೆನೇನೋ ಎಂಬ ಅನುಮಾನವಿತ್ತೋ. ವಕೀಲರು ಕೊನೆಗೆ ಆ ವಾಕ್ಯವನ್ನೇ ಬಿಟ್ಟು, ಸಂಪ್ರದಾಯದಂತೆ ಆಭರಣ ಮಾಡಿಸಿ ಕಳಿಸಿರುತ್ತೇನೆ ಎಂದಷ್ಟೇ ಬರೆಸಿದರು. ಅವ್ವ ಸಹಿ ಮಾಡಿದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಬಿಲ್ಲೆಯನ್ನು ಸೆರಗಿನೊಳಗೆ ಹಾಕಿಕೊಳ್ಳುವುದನ್ನು ಮರೆತಿದ್ದಳು. ಮೂಗಿಲ್ಲದವಳು ದಾರಿಯುದ್ದಕ್ಕೂ ಹೊಲಗಳನ್ನು ನೋಡುತ್ತ ಬಂದಳು.

ಬಹಳ ತಿಂಗಳು ಏನೂ ತಿಳಿಯಲಿಲ್ಲ. ಆಮೇಲೆ ಒಂದು ದಿನ ಫೋನು ಬಂತು. ಅವ್ವನೇ ಎತ್ತಿಕೊಂಡಳು. ನಾನು ಕಿವಿಯನ್ನು ರಿಸೀವರ್‌ನ ಹಿಂಬದಿಗೆ ಒತ್ತಿದೆ.

"ಬಂತಬೇ ಅವ್ವಾ," ಎಂದಳು ಅಕ್ಕ.

"ಏನು ಬಂತು?"

"ಇರಾಕ ಬಂತು. ಇನ್ನ ಯಾರೂ ಹೋಗು ಅನ್ನಂಗಿಲ್ಲ."

ಅವ್ವ ಕೇಳಿದಳು, "ಯಾರ ಕೂಡ ಇರಾಕ?"

ಅವ್ವ ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಕಾಳು ಅಲುಗಿತು.

ಅಕ್ಕ ಈಗಲೂ ಅಲ್ಲೇ ಇದ್ದಾಳೆ, ಒಬ್ಬಳೇ. ಬಿದ್ದವರನ್ನು ಎಬ್ಬಿಸಿ ನಡೆಸುತ್ತಾಳೆ. ಅವ್ವ ಹೋದಾಗ ಬಂದಿದ್ದಳು. ಕತ್ತಿನವರೆಗೆ ಮುಚ್ಚುವ ಸ್ವೆಟರ್ ಹಾಕಿಕೊಂಡಿದ್ದಳು, ನಮ್ಮ ಬಿಸಿಲಿನಲ್ಲಿ. ಅದರೊಳಗೆ ಏನಿತ್ತೆಂದು ನಾನು ಕೇಳಲಿಲ್ಲ. ಅವ್ವನ ಬಿಲ್ಲೆಯನ್ನು ಅವ್ವನ ಜೊತೆಗೇ ಮಣ್ಣಿಗೆ ಕೊಟ್ಟೆವು. ಅಷ್ಟು ಹೊತ್ತಿಗೆ ಅದು ಬರೀ ದುಂಡನೆಯ ಬೆಳ್ಳಿಯಾಗಿತ್ತು.

ಹಿರಿಯರ ಹಬ್ಬದಲ್ಲಿ ನಾನೀಗ ಎಡೆ ಇಡುತ್ತೇನೆ. ಕೊನೆಯ ಎಲೆ ಇಡುವುದಿಲ್ಲ, ಆದರೆ ಅದರ ಜಾಗ ಬಿಟ್ಟಿರುತ್ತೇನೆ. ಆ ಹೆಂಗಸು ಈಗ ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಸೀರೆ ಅವಳ ಕೈ ಸೇರಿತೋ ಇಲ್ಲವೋ ಗೊತ್ತಿಲ್ಲ. ಅಕ್ಕ ಆ ಮನುಷ್ಯನನ್ನು ಬೇಕೆಂದು ಮದುವೆಯಾಗಿದ್ದಳೋ, ಹರಪನಹಳ್ಳಿ ಬೇಡವೆಂದು ಆಗಿದ್ದಳೋ, ನಾನು ಅವ್ವ ಹೋದ ದಿನ ರಾತ್ರಿ ಕೇಳಬಹುದಿತ್ತು, ಕೇಳಲಿಲ್ಲ. ಆ ಮೊದಲನೆಯವಳು ಸತ್ತಿದ್ದಾಳೆ ಎಂದು ನಮ್ಮ ಮನೆಯಲ್ಲಿ ಮೊದಲು ಹೇಳಿದವರು ಯಾರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.